‘ಮುಂದ ಐ7 ಹಾಕ್ಸಿದ್ರಾತು’ ಅಂದರೆ ನಂಬಬೇಡಿ: ಹಳೆ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

"ಈಗ ಐ3 ತಗೊಂಡ್ ಹೋಗ್ರಿ, ಮುಂದ ಬೇಕಾದ್ರ ಐ7 ಹಾಕ್ಸಿದ್ರಾತು." ಅಥಣಿಯಂಥ ಊರಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುವ ಪದವಿ ವಿದ್ಯಾರ್ಥಿಗೆ ಯಾರಾದರೂ ಹೀಗಂದರೆ ನಂಬಬಹುದಾ? ಕಳೆದ ಹತ್ತು ವರ್ಷದೊಳಗಿನ ಯಂತ್ರವಾದರೆ, ಇಲ್ಲ.

ಒಂದು ಕಾಲಕ್ಕೆ ಈ ಮಾತು ನಿಜವಿತ್ತು. ಮದರ್‌ಬೋರ್ಡ್ ಮೇಲೆ ನೂರಾರು ತೂತುಗಳ ಸಾಕೆಟ್ ಇರುತ್ತಿತ್ತು, ಪ್ರೊಸೆಸರ್‌ನ ಪಿನ್ನುಗಳು ಅದರೊಳಗೆ ಕೂರುತ್ತಿದ್ದವು. ಪಕ್ಕದ ಸ್ಕ್ರೂ ತಿರುವಿದರೆ ಸಾಕು, ಪ್ರೊಸೆಸರ್ ಕೈಗೆ ಬರುತ್ತಿತ್ತು. ಇಂಟೆಲ್‌ನ 2007ರ ಸಾಕೆಟ್ ಪಿಯಲ್ಲಿ 478 ಪಿನ್ನು, 2011ರ ಜಿ2ನಲ್ಲಿ 988. ಕೋರ್ ಸರಣಿಯ 4ನೇ ತಲೆಮಾರಿಗಾಗಿ 2013ರಲ್ಲಿ ಬಂದ ಜಿ3ಯೇ ಕೊನೆಯದು. 5ನೇ ತಲೆಮಾರಿನಿಂದ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳೆಲ್ಲ ಬೋರ್ಡಿಗೇ ಬೆಸುಗೆ. ಎಎಂಡಿಯೂ ಅದೇ ದಾರಿ ಹಿಡಿಯಿತು. ಡೆಸ್ಕ್‌ಟಾಪ್ ಪ್ರೊಸೆಸರನ್ನೇ ತುರುಕಿದ ಕೆಲವು ದಪ್ಪ ಗೇಮಿಂಗ್ ಯಂತ್ರಗಳ ಕಥೆ ಬೇರೆ.

ಸಾಕೆಟ್ ತೆಗೆದರೆ ಕೆಲವು ಮಿಲಿಮೀಟರ್ ದಪ್ಪ ಉಳಿಯುತ್ತದೆ, ಕಂಪನಿಗೆ ಖರ್ಚೂ ಉಳಿಯುತ್ತದೆ. ಆ ಉಳಿತಾಯದ ಬೆಲೆ ಕಟ್ಟುವವರು ನಾವು. ಪ್ರೊಸೆಸರ್ ಕೆಡುವುದು ಅಪರೂಪ, ಕೆಡುವುದು ಹೆಚ್ಚಾಗಿ ಬೋರ್ಡು. ಮೊದಲಾದರೆ ಬೋರ್ಡ್ ಬದಲಿಸಿ ಹಳೆ ಪ್ರೊಸೆಸರನ್ನೇ ಕೂರಿಸಬಹುದಿತ್ತು. ಈಗ ಬೋರ್ಡ್ ಹೋದರೆ ಸರಿಯಿದ್ದ ಪ್ರೊಸೆಸರ್ ಕೂಡ ಅದರ ಜೊತೆಗೇ ಹೋಯಿತು. ಬೆಸುಗೆ ಬಿಡಿಸಿ ಮತ್ತೆ ಕೂರಿಸಲು ಬಿಜಿಎ ಯಂತ್ರ, ಪಳಗಿದ ಕೈ ಎರಡೂ ಬೇಕು. ಅದು ಊರಲ್ಲಿ ಸಿಗದಿದ್ದರೆ ಮಿರಜಿಗೋ ಬೆಳಗಾವಿಗೋ ಬಸ್ ಹತ್ತಬೇಕು. ಹರಿದ ಚಪ್ಪಲಿಯನ್ನು ಹೊಲಿದು ಮತ್ತೆ ನಡೆಸುವ ಊರಿಗೆ ಇದು ವಿಚಿತ್ರ ಅನಿಸದೇ ಇರದು. ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿ ಹಕ್ಕಿ’ಗೆ ಸಮಿತಿ ಮಾಡಿತು, ಪೋರ್ಟಲ್ಲನ್ನೂ ತೆರೆಯಿತು. ಆದರೆ ಬೆಸುಗೆ ಹಾಕಿದ್ದನ್ನು ಪೋರ್ಟಲ್ ಬಿಚ್ಚಿಕೊಡುವುದಿಲ್ಲವಲ್ಲ!

ಹಾಗಾದರೆ ಪರೀಕ್ಷಿಸೋದು ಹೇಗೆ? ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸಾಕೆಟ್ಸ್: 1’ ಅಂತ ಕಾಣುತ್ತದೆ. ಅದನ್ನು ತೋರಿಸಿದರೆ ಮೋಸಹೋಗಬೇಡಿ, ಬೆಸುಗೆಯ ಯಂತ್ರದಲ್ಲೂ ಅದು ಹಾಗೇ ಇರುತ್ತದೆ. ಪ್ರೊಸೆಸರ್ ಹೆಸರಿನ ಕೊನೆಗೆ ‘ಯು’ ಇದ್ದರೆ ಅದು ಬೆಸುಗೆಯದೇ. 4ನೇ ತಲೆಮಾರಿನಲ್ಲಿ ‘ಎಂಕ್ಯೂ’ ಸಾಕೆಟ್‌ನದು, ‘ಎಚ್‌ಕ್ಯೂ’ ಬೆಸುಗೆಯದು. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ‘ಪ್ಯಾಕೇಜ್’ ಸಾಲಿನಲ್ಲಿ ಬಿಜಿಎ ಅಂತಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಆಗ ಇವತ್ತು ಬೇಕಾದಷ್ಟು ಬಲದ ಪ್ರೊಸೆಸರ್ ಇರುವುದನ್ನೇ ಆರಿಸಿ. ಹಿಂಬದಿಯ ಮುಚ್ಚಳ ಬಿಚ್ಚಿಸಿ ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ, ಎಸ್‌ಎಸ್‌ಡಿಗೆ ಜಾಗ ಇದೆಯಾ ನೋಡಿ. ತೆಳ್ಳಗಿನ ಕೆಲವು ಮಾದರಿಗಳಲ್ಲಿ ರ‍್ಯಾಮ್ ಕೂಡ ಬೆಸುಗೆಯದೇ, ಅದನ್ನೂ ಕೇಳಿಯೇ ದುಡ್ಡು ಕೊಡಿ.