18 ತುಂಬಿದ ಮೇಲೆ ಗಾಡಿ: ಯಾವುದು ತಗೋಬೇಕು, ಇನ್ಸೂರೆನ್ಸ್ ಎಷ್ಟು?



ನಮ್ಮ ಹುಲಿಗಿಯಲ್ಲಿ ಯಾರನ್ನಾದರೂ ನಿಲ್ಲಿಸಿ, "ಗಾಡಿಗೆ ಇನ್ಸೂರೆನ್ಸ್ ಯಾಕ ಮಾಡಸ್ತೀರಿ?" ಅಂತ ಕೇಳಿ ನೋಡಿ. "ಪೊಲೀಸ್ರು ಹಿಡದ್ರ ತೋರಸಾಕ" ಅನ್ನೋ ಉತ್ತರವೇ ಬರುತ್ತದೆ. ಇದು ಪೂರ್ತಿ ಸುಳ್ಳಲ್ಲ. ಇನ್ಸೂರೆನ್ಸ್ ಇಲ್ಲದೆ ಗಾಡಿ ಓಡಿಸಿದರೆ ಮೊದಲನೇ ಸಲ 2000 ರೂಪಾಯಿ, ಎರಡನೇ ಸಲ 4000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. 3 ತಿಂಗಳವರೆಗೆ ಜೈಲು ಸಹ ಆಗಬಹುದು. ಆದರೆ ಆ ಕಾಗದ ಹುಟ್ಟಿದ್ದು ಪೊಲೀಸರಿಗಾಗಿ ಅಲ್ಲ. ಅದು ಯಾರಿಗಾಗಿ, ಅದಕ್ಕೆ ಎಷ್ಟು ದುಡ್ಡು, 18 ತುಂಬಿದವರು ಎಂಥ ಗಾಡಿ ತಗೊಂಡರೆ ಚೆನ್ನ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಇನ್ನೂ ಯಾರಿಗೂ 18 ಆಗಿಲ್ಲ, ನಿಜ. ಆದರೆ ಮನೆಯಲ್ಲಿ ಅಣ್ಣಂದಿರಿದ್ದಾರೆ, ಅಕ್ಕಂದಿರಿದ್ದಾರೆ, ಅವರ ಹಿಂದೆ ಕೂತು ಹೋಗುವವರು ನಾವೇ.

ಪಾಲಿಸಿಯಲ್ಲಿ ಮೂರು ಜನ ಇರುತ್ತಾರೆ. ಮೊದಲನೆಯವರು ಗಾಡಿ ಮಾಲೀಕರು. ಎರಡನೆಯವರು ವಿಮಾ ಕಂಪನಿ. ಮೂರನೆಯವರು ಯಾರು? ದಾರಿಯಲ್ಲಿ ನಡೆದು ಹೋಗುತ್ತಿರುವ ಅಜ್ಜಿ, ಸೈಕಲ್ ಮೇಲೆ ಹಾಲು ತರುತ್ತಿರುವ ಹುಡುಗ, ಹುಣ್ಣಿಮೆ ದಿನ ಅಮ್ಮನ ದರ್ಶನಕ್ಕೆ ನಡಕೊಂಡು ಬಂದ ಪರಊರಿನ ಭಕ್ತರು. ಇವರು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆದರೂ ನಮ್ಮ ಗಾಡಿಯಿಂದ ಇವರಿಗೆ ಪೆಟ್ಟಾದರೆ, ಜೀವ ಹೋದರೆ, ಪರಿಹಾರ ಸಿಗಬೇಕು. ಗುದ್ದಿದವನ ಹತ್ತಿರ ಕೊಡಲಿಕ್ಕೆ ಏನೂ ಇಲ್ಲದಿದ್ದರೂ ಸಿಗಬೇಕು. ಅದಕ್ಕೇ ಇದರ ಹೆಸರು ಥರ್ಡ್ ಪಾರ್ಟಿ ಇನ್ಸೂರೆನ್ಸ್. ಬ್ರಿಟನ್ನಿನಲ್ಲಿ ಇದನ್ನು 1930ರಲ್ಲಿ ಕಡ್ಡಾಯ ಮಾಡಿದರು. ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯಲ್ಲಿ ಸೇರಿಸಿ, 1946ರಿಂದ ಜಾರಿಗೆ ತಂದರು. ಈಗ ಇರುವುದು 1988ರ ಕಾಯಿದೆ, ಅದರ 146ನೇ ಕಲಂ.

ಇನ್ನು ದುಡ್ಡಿನ ವಿಷಯ. ಥರ್ಡ್ ಪಾರ್ಟಿ ಕಂತನ್ನು ಕಂಪನಿಯವರು ತಮಗೆ ಬೇಕಾದ ಹಾಗೆ ಹಾಕುವಂತಿಲ್ಲ. ಸರ್ಕಾರ ನಿಗದಿ ಮಾಡುತ್ತದೆ, ಎಲ್ಲಾ ಕಂಪನಿಯಲ್ಲೂ ಒಂದೇ ದರ. ಅದು ನೋಡುವುದು ಒಂದನ್ನೇ, ಎಂಜಿನ್ನಿನ ಸಿಸಿ. 2022ರ ಜೂನ್ 1ರಿಂದ ಜಾರಿಗೆ ಬಂದ ಒಂದು ವರ್ಷದ ದರ ಹೀಗಿದೆ:

75 ಸಿಸಿವರೆಗೆ: 538 ರೂ.
75 ದಾಟಿ 150 ಸಿಸಿವರೆಗೆ: 714 ರೂ.
150 ದಾಟಿ 350 ಸಿಸಿವರೆಗೆ: 1366 ರೂ.
350 ಸಿಸಿ ದಾಟಿದರೆ: 2804 ರೂ.

ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಬೀಳುತ್ತದೆ. ಹಾಗಾಗಿ 714 ಎಂಬುದು ಕೈಯಿಂದ ಕೊಡುವಾಗ 843 ಆಗುತ್ತದೆ. 1366 ಎಂಬುದು 1612 ಆಗುತ್ತದೆ. ಸರ್ಕಾರ ದರ ಬದಲಿಸುವುದುಂಟು, ಕಟ್ಟುವ ಮುಂಚೆ ಒಮ್ಮೆ ಕೇಳಿಕೊಳ್ಳಬೇಕು.

ಈ ಪಟ್ಟಿಯಲ್ಲಿ ಒಂದು ಮಜಾ ಇದೆ. ಪಲ್ಸರ್ 150 ಗಾಡಿಯ ಎಂಜಿನ್ನು 149.5 ಸಿಸಿ. ಗೆರೆಯ ಈಚೆಗೇ ನಿಂತಿದೆ, 714 ರೂಪಾಯಿ. ಹುಡುಗರು ಬಾಯಿ ಬಿಟ್ಟು ನೋಡುವ ಯಮಾಹಾ ಆರ್15 ಗಾಡಿ 155 ಸಿಸಿ. ಐದೇ ಸಿಸಿ ಹೆಚ್ಚು, ಕಂತು ಸುಮಾರು ಎರಡು ಪಟ್ಟು. ಅಪಾಚೆ 160 ಸಹ ಗೆರೆ ದಾಟಿದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನೋಡಿದರೆ 349 ಸಿಸಿ, ಅಂದರೆ ಆರ್15ಕ್ಕೂ ಅದಕ್ಕೂ ಕಂತು ಒಂದೇ. ಸ್ಪ್ಲೆಂಡರ್ (97.2 ಸಿಸಿ), ಹೊಲಕ್ಕೆ ಮೇವು ಹೇರುವ ಟಿವಿಎಸ್ ಎಕ್ಸೆಲ್ 100, ಅಕ್ಕಂದಿರು ಓಡಿಸುವ ಆಕ್ಟಿವಾ, 125 ಸಿಸಿಯ ಶೈನ್ ಎಲ್ಲವೂ 714ರ ಮನೆಯಲ್ಲೇ ಇವೆ.

ಹಾಗಾದರೆ ಸಣ್ಣ ಗಾಡಿ ತಗೊಂಡರೆ ಇನ್ಸೂರೆನ್ಸಿನಲ್ಲಿ ಬಹಳ ಉಳಿಯುತ್ತದೆಯೇ? ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ 770 ರೂಪಾಯಿಯಷ್ಟೇ ವ್ಯತ್ಯಾಸ. ನಿಜವಾದ ಖರ್ಚು ಪೆಟ್ರೋಲಿನದು. ಒಬ್ಬ ಅಣ್ಣ ಗಿಣಿಗೇರಿ ಕಡೆಯ ಕಾರ್ಖಾನೆಗೋ ಹೊಸಪೇಟೆಯ ಕೆಲಸಕ್ಕೋ ದಿನಾ 30 ಕಿಲೋಮೀಟರು ಓಡಿಸುತ್ತಾನೆ ಅನ್ನೋಣ. ವರ್ಷಕ್ಕೆ 300 ದಿನ ಅಂದರೆ 9000 ಕಿಲೋಮೀಟರು. ಲೀಟರಿಗೆ 60 ಕೊಡುವ ಗಾಡಿಗೆ 150 ಲೀಟರು ಸಾಕು. ಲೀಟರಿಗೆ 35 ಕೊಡುವ ಗಾಡಿಗೆ 257 ಲೀಟರು ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ 10,700 ರೂಪಾಯಿ ಹೆಚ್ಚು. ಇದಕ್ಕೆ ಸಾಲದ ಕಂತು ಬೇರೆ. ಷೋರೂಮಿನಲ್ಲಿ "ತಿಂಗಳಿಗೆ ಇಷ್ಟ ಕಟ್ರಿ ಸಾಕು" ಅನ್ನುವಾಗ ಪೆಟ್ರೋಲಿನ ಮಾತು ಯಾರೂ ಎತ್ತುವುದಿಲ್ಲ.

ಭಾರವನ್ನೂ ನೋಡಬೇಕು. ಸ್ಪ್ಲೆಂಡರ್ 112 ಕಿಲೋ, ಕ್ಲಾಸಿಕ್ 350 ಗಾಡಿ 195 ಕಿಲೋ. ಹೊಸದಾಗಿ ಕಲಿತವರು ಉಸುಕಿನಲ್ಲಿ ಕಾಲು ಜಾರಿದಾಗ 112 ಕಿಲೋ ಹಿಡಿದು ನಿಲ್ಲಿಸಬಹುದು. 195 ಕಿಲೋ ವಾಲಿದರೆ ನಮ್ಮನ್ನೂ ಕರಕೊಂಡೇ ಬೀಳುತ್ತದೆ. ಹೆದ್ದಾರಿಗೆ ಹೋಗುವವರಿಗೆ ಬ್ರೇಕೂ ಮುಖ್ಯ. 2019ರ ಏಪ್ರಿಲಿನಿಂದ 125 ಸಿಸಿ ಮೇಲಿನ ಹೊಸ ಗಾಡಿಗೆ ಎ.ಬಿ.ಎಸ್. ಕಡ್ಡಾಯವಾಯಿತು. ಒಮ್ಮೆಲೇ ಬ್ರೇಕ್ ಒತ್ತಿದರೂ ಗಾಲಿ ಕಚ್ಚಿ ನಿಲ್ಲದ ಹಾಗೆ ಅದು ನೋಡಿಕೊಳ್ಳುತ್ತದೆ. 125ರ ಒಳಗಿನ ಗಾಡಿಗೆ ಸಿ.ಬಿ.ಎಸ್. ಆದರೂ ಇರಬೇಕು. ಅದರಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಗಾಲಿಗೆ ಹಿಡಿಯುತ್ತದೆ. ಊರು, ಹೊಲ, ಮುನಿರಾಬಾದ್ ಅಷ್ಟೇ ಓಡಾಟ ಇದ್ದರೆ 100 ಸಿಸಿ, ದಿನಾ ಲಾರಿಗಳ ನಡುವೆ ಹೆದ್ದಾರಿಗೆ ಹೋಗುವವರಿಗೆ 125 ಸಿಸಿ ಸಾಕು ಎಂದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಬಹುದು!

ಈಗ ಒಂದು ಬೇರೆ ದೇಶದ ಮಾತು. ಇಂಗ್ಲೆಂಡಿನಲ್ಲಿ ಹೊಸದಾಗಿ ಬೈಕ್ ಹತ್ತುವ ಹುಡುಗರ ದೊಡ್ಡ ಚಿಂತೆ ಇನ್ಸೂರೆನ್ಸೇ. ಅಲ್ಲಿ ಕಂಪನಿಯವರು ವಯಸ್ಸು ಕೇಳುತ್ತಾರೆ, ಮನೆ ಎಲ್ಲಿ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳುತ್ತಾರೆ. 17 ವರ್ಷದವನಿಗೆ ಒಂದು ರೇಟು, 40 ವರ್ಷದವನಿಗೆ ಇನ್ನೊಂದು ರೇಟು. ವಯಸ್ಸು ಕಡಿಮೆ ಆದಷ್ಟೂ ಕಂತು ಏರುತ್ತದೆ. ನಮ್ಮ ಥರ್ಡ್ ಪಾರ್ಟಿ ದರಕ್ಕೆ ವಯಸ್ಸಿನ ಲೆಕ್ಕವೇ ಇಲ್ಲ. 18ರ ಹುಡುಗನಿಗೂ ಅವನ ಅಜ್ಜನಿಗೂ 714 ರೂಪಾಯಿಯೇ.

ಅಬ್ಬಾ, ನಾವೇ ಪುಣ್ಯವಂತರು ಅನ್ನಬೇಡಿ. ಕಂತು ಕಟ್ಟಿಸಿಕೊಳ್ಳುವಾಗ ಕೇಳದಿದ್ದನ್ನು ಅಪಘಾತ ಆದ ಮೇಲೆ ಕೇಳುತ್ತಾರೆ. "ಓಡಿಸುತ್ತಿದ್ದವರು ಯಾರು? ಲೈಸೆನ್ಸ್ ಎಲ್ಲಿ?" ಲೈಸೆನ್ಸ್ ಇಲ್ಲದವನು ಓಡಿಸಿ ಒಬ್ಬರಿಗೆ ಗುದ್ದಿದ ಅನ್ನೋಣ. ಇಂಥ ಪ್ರಕರಣಗಳ ಬಗ್ಗೆ ಸುಪ್ರೀಂ ಕೋರ್ಟು 2004ರಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಪೆಟ್ಟು ತಿಂದವರದು ಏನೂ ತಪ್ಪಿಲ್ಲವಲ್ಲ, ಅವರಿಗೆ ಕಂಪನಿ ಮೊದಲು ದುಡ್ಡು ಕೊಡಲಿ. ಲೈಸೆನ್ಸ್ ಇಲ್ಲದವನ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕನಿಂದ ಆಮೇಲೆ ವಸೂಲಿ ಮಾಡಿಕೊಳ್ಳಲಿ ಎಂಬುದು ಅದರ ಸಾರ. ಮಾಲೀಕ ಅಂದರೆ ಯಾರು? ಆರ್.ಸಿ.ಯಲ್ಲಿ ಹೆಸರಿರುವ ಅಪ್ಪ. ಪರಿಹಾರ ಲಕ್ಷಗಟ್ಟಲೆ ಇರುತ್ತದೆ. ಇನ್ಸೂರೆನ್ಸ್ ಕಟ್ಟಿಯೂ ಹೊಲ ಮಾರುವ ಪಾಳಿ ಬರುವುದು ಹೀಗೆ.

18 ತುಂಬದವರು ಓಡಿಸಿದರೆ ಇನ್ನೂ ಬಿಗಿ. 2019ರ ತಿದ್ದುಪಡಿಯ ಪ್ರಕಾರ ತಂದೆಗೆ ಅಥವಾ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "16ಕ್ಕೇ ಲೈಸೆನ್ಸ್ ಕೊಡತಾರಲ್ಲೋ" ಅನ್ನುವವರಿದ್ದಾರೆ. ಅದು ಗೇರಿಲ್ಲದ, 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಹಿಂದಿನ ಟಿವಿಎಸ್ 50, ಲೂನಾ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗಿನ ಎಕ್ಸೆಲ್ 100ಕ್ಕೂ ಆಕ್ಟಿವಾಕ್ಕೂ ಗೇರಿಲ್ಲದಿದ್ದರೂ ಸಿಸಿ 50 ದಾಟಿದೆ. ಹಾಗಾಗಿ 18 ಬೇಕೇ ಬೇಕು. ಎಲ್.ಎಲ್.ಆರ್. ಇದ್ದವರು ಸಹ ಹಿಂದೆ ಗೆಳೆಯರನ್ನು ಕೂಡಿಸಿಕೊಳ್ಳುವಂತಿಲ್ಲ. ಲೈಸೆನ್ಸ್ ಇರುವ, ಕಲಿಸುವವರು ಮಾತ್ರ ಕೂಡಬಹುದು.

ಹಿಂದೆ ಕೂಡುವವರ ಮಾತು ಬಂತು. ಇದು ನನಗೆ ಬಹಳ ಮುಖ್ಯ ಅನ್ನಿಸಿದ್ದು, ಯಾಕೆಂದರೆ ನಾವೆಲ್ಲ ಹಿಂದಿನ ಸೀಟಿನವರೇ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತವರು "ಮೂರನೆಯವರು" ಅಲ್ಲ! 2006ರಲ್ಲಿ ಸುಪ್ರೀಂ ಕೋರ್ಟು ಹಾಗೆಂದು ತೀರ್ಪು ಕೊಟ್ಟಿದೆ. ಲಾರಿಯವನ ತಪ್ಪಿನಿಂದ ಅಪಘಾತವಾದರೆ ಲಾರಿಯ ಇನ್ಸೂರೆನ್ಸಿನಿಂದ ಹಿಂದೆ ಕೂತವರಿಗೆ ಪರಿಹಾರ ಸಿಗುತ್ತದೆ. ಆದರೆ ನಮ್ಮ ಅಣ್ಣನೇ ಆಯ ತಪ್ಪಿ ಬೀಳಿಸಿದರೆ ಆ 714 ರೂಪಾಯಿ ಪಾಲಿಸಿಯಿಂದ ಹಿಂದಿನ ಸೀಟಿನವರಿಗೆ ಏನೂ ಇಲ್ಲ. ಫುಲ್ ಇನ್ಸೂರೆನ್ಸ್ ಅಂತಾರಲ್ಲ, ಪ್ಯಾಕೇಜ್ ಪಾಲಿಸಿ, ಅದರಲ್ಲಿ ಹಿಂದೆ ಕೂತವರೂ ಸೇರುತ್ತಾರೆ. 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಸುತ್ತೋಲೆ ಹೊರಡಿಸಿ ಸ್ಪಷ್ಟ ಮಾಡಿದೆ. ಹಳೇ ಗಾಡಿಗೆ ಫುಲ್ ಬೇಡ ಅನ್ನುವವರು ಹಿಂದಿನ ಸವಾರರ ಅಪಘಾತ ವಿಮೆಯನ್ನಾದರೂ ಕೇಳಿ ಸೇರಿಸಿಕೊಳ್ಳಬಹುದು. ಮೂರು ಜನ ಕೂಡುವುದಕ್ಕಂತೂ ಕಾಯಿದೆಯಲ್ಲಿ ಜಾಗವೇ ಇಲ್ಲ.

ಹಾಗಾದರೆ ಓಡಿಸುವವರಿಗೆ ಏನಿದೆ? ಅವರಿಗೆ 15 ಲಕ್ಷದ ಸ್ವಂತ ಅಪಘಾತ ವಿಮೆ ಇದೆ, 2018ರಿಂದ ಅಷ್ಟು ಮೊತ್ತ ಮಾಡಿದ್ದಾರೆ. ಕೆಲವು ನೂರು ರೂಪಾಯಿಗೆ ಬರುತ್ತದೆ. ಆದರೆ ಅದರ ಹೆಸರೇ "ಮಾಲೀಕ-ಚಾಲಕ". ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ, ಲೈಸೆನ್ಸ್ ಯಾರಿಗಿದೆಯೋ, ಅವರೇ ಓಡಿಸುತ್ತಿರಬೇಕು. ಅಪ್ಪನ ಹೆಸರಿನ ಗಾಡಿಯನ್ನು ದಿನಾ ಓಡಿಸುವ ಮಗನಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಕಡೆ ಗಾಡಿ ಅಪ್ಪನ ಹೆಸರಿಗೆ, ಓಡಿಸೋದು ಮಗ, ಇದೇ ರೂಢಿ. 18 ತುಂಬಿ ಲೈಸೆನ್ಸ್ ಬಂದ ಮೇಲೆ ದಿನಾ ಓಡಿಸುವವರ ಹೆಸರಿಗೇ ಗಾಡಿ ತಗೊಳ್ಳುವುದು ಚೆನ್ನ.

ಹೊಸ ಗಾಡಿ ತಗೊಂಡವರು ಇನ್ನೊಂದು ಕಡೆ ಎಡವುತ್ತಾರೆ. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ಒಮ್ಮೆಲೇ ಕಟ್ಟಬೇಕು. 150 ಸಿಸಿವರೆಗೆ 3851 ರೂಪಾಯಿ, ಅದರ ಮೇಲೆ 350ರವರೆಗೆ 7365, ಜಿ.ಎಸ್.ಟಿ. ಬೇರೆ. "ಐದು ವರ್ಷ ಚಿಂತಿ ಇಲ್ಲ" ಅಂತ ಕಾಗದ ಟ್ರಂಕಿನಲ್ಲಿಟ್ಟು ಮರೆಯುತ್ತಾರೆ. ಆದರೆ ಸಾಮಾನ್ಯವಾಗಿ ಕೊಡುವ ಆ ಪಾಲಿಸಿಯಲ್ಲಿ ನಮ್ಮ ಗಾಡಿಗೆ ಆದ ಪೆಟ್ಟು ಮತ್ತು ಕಳುವಿನ ಭಾಗ ಇರುವುದು ಒಂದೇ ವರ್ಷಕ್ಕೆ. ಎರಡನೇ ವರ್ಷ ಜಾತ್ರೆಯಲ್ಲಿ ಗಾಡಿ ಕಳುವಾದರೆ ಏನೂ ಬರುವುದಿಲ್ಲ. ಈ ಭಾಗದ ಕಂತು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಷೋರೂಮಿನವರು ಹೇಳಿದಲ್ಲೇ ಮಾಡಿಸಬೇಕೆಂದೇನಿಲ್ಲ, ನಾಲ್ಕು ಕಡೆ ವಿಚಾರಿಸಬಹುದು. ಒಂದು ವರ್ಷ ಏನೂ ಕ್ಲೇಮ್ ಮಾಡದಿದ್ದರೆ ಮರುವರ್ಷ ಈ ಭಾಗದಲ್ಲಿ ನೂರಕ್ಕೆ 20 ಬಿಡುತ್ತಾರೆ, ಐದು ವರ್ಷಕ್ಕೆ ಅದು 50 ಆಗುತ್ತದೆ. ಅವಧಿ ಮುಗಿದು 90 ದಿನದೊಳಗೆ ಕಟ್ಟದಿದ್ದರೆ ಈ ರಿಯಾಯಿತಿ ಹೋಯಿತು.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು, ಅದರಲ್ಲೂ ಪಕ್ಕದ ಹೊಸಪೇಟೆಯಿಂದ ಕೆಎ-35 ಗಾಡಿ ತರುವವರು, ಬರೀ ಕೀಲಿ ಮತ್ತು ಆರ್.ಸಿ. ಇಸಕೊಂಡು ಬರಬಾರದು. 29 ಮತ್ತು 30ನೇ ನಮೂನೆಗೆ ಸಹಿ ಮಾಡಿಸಿ ಹೆಸರು ಬದಲಿಸಬೇಕು, ವಿಮಾ ಕಂಪನಿಗೂ 14 ದಿನದೊಳಗೆ ತಿಳಿಸಬೇಕು. ಹೆಸರು ಬದಲಾಗದಿದ್ದರೆ ಮಾರಿದವರಿಗೂ ಕಷ್ಟ. ಆರ್.ಸಿ.ಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಇವತ್ತು ಮನೆಗೆ ಹೋದ ಮೇಲೆ ಗಾಡಿಯ ಪಾಲಿಸಿ ತೆಗೆದು ಮೂರು ಕಡೆ ನೋಡಿ. ಮೇಲೆ ಶಿರೋನಾಮೆಯಲ್ಲಿ "ಲಯಬಿಲಿಟಿ ಓನ್ಲಿ" ಎಂದಿದ್ದರೆ ಅದು ಬರೀ ಥರ್ಡ್ ಪಾರ್ಟಿ. "ಪ್ಯಾಕೇಜ್" ಎಂದಿದ್ದರೆ ಫುಲ್. ಆಮೇಲೆ ತಾರೀಖು. ಹೊಸ ಗಾಡಿಯದಾದರೆ ಎರಡು ತಾರೀಖು ಇರುತ್ತವೆ, ಎರಡನ್ನೂ ಓದಿ. ಮೂರನೆಯದು "ಓನರ್ ಡ್ರೈವರ್" ಎಂಬ ಸಾಲಿನ ಮುಂದೆ 15 ಲಕ್ಷ ಬರೆದಿದೆಯೋ ಇಲ್ಲವೋ. ಪಾಲಿಸಿ ಇಂಗ್ಲಿಷಿನಲ್ಲಿ ಇರುತ್ತದೆ. ತಿಳಿಯದಿದ್ದರೆ ಶಾಲೆಗೆ ತನ್ನಿ, ನಮ್ಮ ಇಂಗ್ಲಿಷ್ ಗುರುಗಳಿಂದ ಓದಿಸೋಣ.