ಉಡದಾರ ಕಡಿದ ಮೇಲೆ ಮಗು ಯಾರದು?

2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ, ಸೆರಗಿನಿಂದ ನಿವಾಳಿಸಿ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ದೇಶಕ್ಕೆ ಅದು ಹೊಸ ನೋಟ. ಬಳ್ಳಾರಿ ಸೀಮೆಯ ತಾಯಂದಿರಿಗೆ ದಿನದ ಕೆಲಸ. ಮಗು ಸೊರಗಿದರೂ ಸರಿ, ಚೆಂದ ಕಂಡರೂ ಸರಿ, ದೃಷ್ಟಿ ತೆಗೆಯದೆ ಬಿಡುವುದಿಲ್ಲ. ಆ ತಾಯ್ತನದ ಕೈ ಎತ್ತಿದವರು ಮಾತ್ರ ಹರೆಯದಲ್ಲೇ ತಾಯಿಯ ಮನೆ ಬಿಟ್ಟವರು.

ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದಾಗ ಅವರ ಹೆಸರು ಮಂಜುನಾಥ ಶೆಟ್ಟಿ. ಟವೆಲನ್ನು ಲಂಗದಂತೆ ಸುತ್ತಿಕೊಳ್ಳುವ, ಹುಡುಗಿಯರ ಜೊತೆಗೇ ಇರುವ ಹುಡುಗ. ಮನೆಯಲ್ಲಿ ಏಟು ಬಿತ್ತು, ಪೂಜಾರಿಯ ಮಾತು ಕೇಳಿದ್ದಾಯಿತು. ಕೊನೆಗೆ 1970ರ ದಶಕದಲ್ಲಿ ತುಂಗಭದ್ರೆಯ ದಂಡೆಯ ಹುಲಿಗಿಗೆ ಕರೆದೊಯ್ದು, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪನ, ಅಂದರೆ ದೇವಿಗೆ ಅರ್ಪಿತರಾಗಿ ಹೆಣ್ಣಿನಂತೆ ಬದುಕುವವರ, ದೀಕ್ಷೆ ಕೊಡಿಸಿದರು.

ಆ ದೀಕ್ಷೆಯಲ್ಲಿ ಮನಸ್ಸು ಹಿಡಿದು ನಿಲ್ಲಿಸುವುದು ಉಡದಾರ. ಗಂಡುಮಗುವಿನ ಸೊಂಟಕ್ಕೆ ಹೆತ್ತವರೇ ಕಟ್ಟುವ ದಾರ ಅದು. ಸವೆದರೆ ಹೊಸದು ಕಟ್ಟುತ್ತಾರೆ. ಬರಿ ಸೊಂಟದಲ್ಲಿ ಬಿಡುವುದಿಲ್ಲ. ದೀಕ್ಷೆಯಲ್ಲಿ ಅದನ್ನೇ ಕಡಿಯುತ್ತಾರೆ. ಆಮೇಲೆ ಮುತ್ತು, ಲಂಗ, ರವಿಕೆ, ಬಳೆ. ಗಂಡಿನ ಗುರುತು ಕಳಚಿ ಹೆಣ್ಣಿನ ಗುರುತು ತೊಡಿಸಲು ಇಷ್ಟು ಸಾಕಾಗುತ್ತದೆ. ಮಗ ಸತ್ತಂತೆ ತಾಯಿ ಅಂದು ಅತ್ತದ್ದನ್ನು ಮಂಜಮ್ಮ ಹೇಳಿಕೊಂಡಿದ್ದಾರೆ.

ಈ ಆಚರಣೆಯನ್ನು ನಮ್ಮ ಪರಂಪರೆಯ ಉದಾರತೆ ಎಂದು ಹೊಗಳುವವರಿದ್ದಾರೆ. ಅರ್ಧ ನಿಜ. ಹೆಣ್ಣಾಗಿ ಬದುಕಲು ಅದು ಹಾದಿ ಕೊಟ್ಟಿತು, ಊರವರಿಂದ ಕೈಮುಗಿಸಿತು. ಆದರೆ ಮಗುವನ್ನು ದೇವಿಗೆ ಒಪ್ಪಿಸಿದ ಮನೆ, ಅದನ್ನು ಒಳಗಿಟ್ಟುಕೊಳ್ಳುವ ಹೊಣೆಯಿಂದ ಪಾರಾಯಿತು. ಹೆಣ್ಣುಮಕ್ಕಳನ್ನು ದೇವಿಗೆ ಬಿಡಲು ಮುತ್ತು ಕಟ್ಟುವುದನ್ನು 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಅಪರಾಧವೆಂದಿತು. ಅಲ್ಲಿಯೂ ಹರೆಯದ ಮಗಳ ಬದುಕನ್ನು ಹೆತ್ತವರು ದೇವಿಯ ಹೆಸರಲ್ಲಿ ಬರೆದುಬಿಡುತ್ತಿದ್ದರು.

ಮಂಜಮ್ಮನ ಮುಂದಿನ ಬದುಕು ಹಲವರು ಬಲ್ಲ ಕಥೆ. ಭಿಕ್ಷೆ, ಹಲ್ಲೆ, ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ ಹುಡುಗನನ್ನು ಕಂಡು ಕಲಿತ ಕುಣಿತ, ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳ, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಆತ್ಮಕಥನದಲ್ಲಿ ಈ ಬದುಕಿದೆ. ಪ್ರಶಸ್ತಿಗಳ ಪಟ್ಟಿಗಿಂತ ಆ ಮನೆಯೊಳಗಿನ ವರ್ಷಗಳನ್ನೇ ಹೆತ್ತವರು ಓದಬೇಕು.

ಈಗ ಕಾನೂನು ನೇರವಾಗಿ ಮನೆಯೊಳಗೆ ಬಂದಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗಾಗಿ 2019ರಲ್ಲಿ ಬಂದ ಕೇಂದ್ರ ಕಾಯ್ದೆಯ 12ನೇ ಕಲಂ ಪ್ರಕಾರ, ಲಿಂಗತ್ವ ಅಲ್ಪಸಂಖ್ಯಾತ ಎಂಬ ಕಾರಣಕ್ಕಾಗಿ ಮಗುವನ್ನು ಹೆತ್ತವರಿಂದ ಬೇರ್ಪಡಿಸುವಂತಿಲ್ಲ. ಮಗುವಿನ ಹಿತಕ್ಕಾಗಿ ನ್ಯಾಯಾಲಯ ಆದೇಶಿಸಿದರೆ ಮಾತ್ರ ಬೇರೆ ಮಾತು. ಕರ್ನಾಟಕ 2021ರಲ್ಲಿ ಈ ಸಮುದಾಯಕ್ಕೆ ಸರ್ಕಾರಿ ನೇಮಕಾತಿಯಲ್ಲಿ ಶೇ 1 ಮೀಸಲಾತಿಯನ್ನೂ ಕೊಟ್ಟಿತು.

ಆದರೆ ಮೀಸಲಾತಿ ಕೇಳುವುದು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಯನ್ನು. ಹದಿನೈದಕ್ಕೇ ಮನೆಯಿಂದ ಹೊರಬಿದ್ದ ಮಗು ಅದನ್ನು ತರುವುದೆಲ್ಲಿಂದ? ಬಳ್ಳಾರಿ ನಗರದ ಬಡಾವಣೆಯಿರಲಿ, ಸಿರುಗುಪ್ಪದ ಭತ್ತದ ಗದ್ದೆಯ ಪಕ್ಕದ ಮನೆಯಿರಲಿ, ‘ಗಂಡಸಿನಂಗಿರು’, ‘ಹೆಣ್ಣಿನಂಗಿರು’ ಎಂಬ ಮಾತು ಕೇಳದೆ ಬೆಳೆದ ಮಕ್ಕಳು ವಿರಳ. ಆ ಮಾತಿಗೆ ಹೊಂದದ ಮಗು ನಿಮ್ಮ ಮನೆಯಲ್ಲಿದ್ದರೆ ಹೊಡೆಯಬೇಡಿ, ಹರಕೆ ಹೊರಬೇಡಿ. ಊಟಕ್ಕೆ ಜೊತೆಯಲ್ಲೇ ಕೂರಿಸಿಕೊಳ್ಳಿ, ಶಾಲೆ ಬಿಡಿಸಬೇಡಿ.