ಬೆಟ್ಟದ ಮಣ್ಣನ್ನು ಕಾಯುವ ನೀಲಿ ಹೂವಿನ ಪೊದೆ

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆಯಾದರೋ ದೀರ್ಘ ಹಾಗೂ ಶುಷ್ಕ. ಅಲ್ಲಿಯ ಕಡಿದಾದ ಬೆಟ್ಟಗಳನ್ನು ಚಾಪರಾಲ್ ಎಂಬ ಕುರುಚಲು ಕಾಡು ಆವರಿಸಿದೆ. ಈ ಕಾಡಿನ ಮುಖ್ಯ ಪೊದೆಗಳಲ್ಲಿ ಸೀಯನೋಥಸ್ ಒಂದು. ನಮ್ಮ ಎಲಚಿಯ ಕುಟುಂಬಕ್ಕೇ ಸೇರಿದ ಈ ಸಸ್ಯ ವಸಂತದಲ್ಲಿ ನೀಲಿ ಇಲ್ಲವೆ ಬಿಳಿ ಹೂಗೊಂಚಲುಗಳನ್ನು ತಳೆಯುತ್ತದೆ. ಹೂಗಳನ್ನು ನೀರಿನಲ್ಲಿ ಉಜ್ಜಿದರೆ ಅಂಟುವಾಳದಂತೆ ನೊರೆ ಬರುವುದು. ಅಲ್ಲಿಯ ಮೂಲನಿವಾಸಿಗಳಿಗೆ ಅದೇ ಸಾಬೂನು.

ಆದರೆ ಇದರ ನಿಜವಾದ ಬೆಲೆ ಇರುವುದು ಬೇರಿನಲ್ಲಿ. ಹುಲ್ಲಿನ ಬೇರು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲೇ ಹರಡಿದರೆ, ಈ ಪೊದೆಯ ಬೇರು ಶಿಥಿಲಗೊಂಡ ಬಂಡೆಯ ಬಿರುಕುಗಳಿಗೆ ಇಳಿದು ಮಣ್ಣನ್ನು ತಳಕ್ಕೆ ಬಿಗಿಯುತ್ತದೆ. ಬೇರಿನ ಗಂಟುಗಳಲ್ಲಿ ವಾಸಿಸುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ನೆಲದಲ್ಲಿಯೂ ಅದು ಬೆಳೆಯಬಲ್ಲದು. ನೆಲಕ್ಕೆ ಒರಗಿ ಹಬ್ಬುವ ಕಾರ್ಮೆಲ್ ಕ್ರೀಪರ್ ಎಂಬ ಬಗೆಯನ್ನು ಇಳಿಜಾರುಗಳಲ್ಲಿ ಮಣ್ಣುರಕ್ಷಣೆಗೆಂದೇ ನೆಡುವುದುಂಟು.

ಚಾಪರಾಲಿಗೆ ಕಾಡ್ಗಿಚ್ಚು ಹೊಸದಲ್ಲ. ಗಟ್ಟಿ ಸಿಪ್ಪೆಯ ಸೀಯನೋಥಸ್ ಬೀಜ ದಶಕಗಳ ಕಾಲ ನೆಲದಲ್ಲಿ ನಿದ್ರಿಸಿ, ಬೆಂಕಿಯ ಕಾವಿಗೆ ಬಿರುಕುಬಿಟ್ಟು, ಮುಂದಿನ ಮಳೆಗೆ ಮೊಳೆಯುತ್ತದೆ. ಅಪಾಯವಿರುವುದು ನಡುವಣ ಅವಧಿಯಲ್ಲಿ. 2017ರ ಡಿಸೆಂಬರಿನಲ್ಲಿ ಥಾಮಸ್ ಕಾಡ್ಗಿಚ್ಚು ಸುಮಾರು 2,80,000 ಎಕರೆಗಳನ್ನು ಸುಟ್ಟಿತು. 2018ರ ಜನವರಿ 9ರಂದು ಸುರಿದ ಬಿರುಮಳೆಗೆ ಬೋಳು ಬೆಟ್ಟದ ಕೆಸರೂ ಬಂಡೆಗಳೂ ಮಾಂಟೆಸಿಟೊ ಊರಿನ ಮೇಲೆ ಹರಿದು 23 ಜನ ಮಡಿದರು.

ಇಂಥ ಅನಾಹುತವನ್ನು ತಡೆಯಲು ಸುಟ್ಟ ಬೆಟ್ಟಗಳ ಮೇಲೆ ವಿಮಾನದಿಂದ ರೈ ಹುಲ್ಲಿನ ಬೀಜ ಚೆಲ್ಲುವ ಪದ್ಧತಿ ಹಿಂದೆ ಬಹುಕಾಲ ನಡೆಯಿತು. ಸದುದ್ದೇಶದ ಕೆಲಸವೇ, ಆದರೆ ಹುಲ್ಲು ಎಳೆಯ ಪೊದೆಗಳ ಪಾಲಿನ ನೀರನ್ನು ಹೀರಿ ಅವುಗಳನ್ನು ಹತ್ತಿಕ್ಕಿತು, ಬೇಸಗೆಯಲ್ಲಿ ಒಣಗಿ ಉರುವಲೂ ಆಯಿತು. ಲಾಸ್ ಏಂಜಲೀಸ್ ಬಳಿಯ ಸ್ಯಾನ್ ಡಿಮಾಸ್ ಪ್ರಾಯೋಗಿಕ ಅರಣ್ಯವು 1960ರಲ್ಲಿ ಸುಟ್ಟ ಮೇಲೆ ಅದರ ಕೆಲವು ಕಣಿವೆಗಳನ್ನು ಹುಲ್ಲುಗಾವಲಾಗಿ ಮಾರ್ಪಡಿಸಲಾಯಿತು. ಆ ದಶಕದ ದೊಡ್ಡ ಮಳೆಗಳಲ್ಲಿ ಪೊದೆಗಳಿದ್ದ ಇಳಿಜಾರುಗಳಿಗಿಂತ ಅಲ್ಲಿ ಹಲವು ಪಟ್ಟು ಹೆಚ್ಚು ಮಣ್ಣು ಕುಸಿಯಿತು. ಹಸಿರು ಕಂಡ ಮಾತ್ರಕ್ಕೆ ನೆಲ ಭದ್ರವೆಂದು ತಿಳಿಯುವಂತಿಲ್ಲ.

ಪೊದೆಗೂ ಒಂದು ಮಿತಿಯುಂಟು. ಮೊಳೆತ ಸಸಿ ಬೀಜ ಕಟ್ಟಲು ಕೆಲವು ವರ್ಷಗಳು ಬೇಕು. ಅಷ್ಟರಲ್ಲಿ ಮತ್ತೆ ಬೆಂಕಿ ಬಿದ್ದರೆ ನೆಲದೊಳಗಿನ ಬೀಜಸಂಗ್ರಹ ಬರಿದಾಗಿ, ಅದರ ಜಾಗವನ್ನು ಹೊರನಾಡಿನ ಕಳೆಹುಲ್ಲು ಆಕ್ರಮಿಸುತ್ತದೆ.